ಉಂಡೆದ್ದ ಮೇಲೆ ಎಲೆ ಯಾರ ಪಾಲು?

ಹೋದ ಬೇಸಿಗೆಯ ಒಂದು ಮದುವೆ. ಎರಡನೇ ಪಂಕ್ತಿಯಲ್ಲಿ ಉಂಡು ಕೈ ತೊಳೆಯಲು ಛತ್ರದ ಹಿಂಬದಿಗೆ ಹೋದೆ. ಎಲೆ ಎತ್ತುವ ಹೆಂಗಸರು ಮೇಜಿಗೆ ಹಾಸಿದ್ದ ಹಾಳೆಯ ಸಮೇತ ಬಾಳೆ ಎಲೆಗಳನ್ನು ಸುರುಳಿ ಸುತ್ತಿ ತಂದು ಕಾಂಪೌಂಡಿನಾಚೆ ಸುರಿಯುತ್ತಿದ್ದರು. ಅಲ್ಲಿ ಮೂರು ಹಸು ಕಾದು ನಿಂತಿದ್ದವು. ದೊಡ್ಡದೊಂದು ಕಂದು ಹಸು ಮೂತಿಯಿಂದ ರಾಶಿ ಕೆದಕಿ, ಹುಳಿ ಅಂಟಿದ್ದ ಎಲೆಯೊಂದನ್ನು ಎಳೆದುಕೊಂಡಿತು. ಎಲೆಯ ಮಡಿಕೆಯೊಳಗೆ ಐಸ್‌ಕ್ರೀಂ ಕಪ್ಪಿನ ಮುಚ್ಚಳ, ಬೀಡಾ ಸುತ್ತಿಕೊಟ್ಟಿದ್ದ ತೆಳು ಪ್ಲಾಸ್ಟಿಕ್ಕು. ಎಲ್ಲಕ್ಕೂ ಪಾಯಸ ಮೆತ್ತಿತ್ತು, ಹಸುವಿನ ನಾಲಿಗೆಗೆ ಎಲ್ಲವೂ ಒಂದೇ ರುಚಿ. ಎಲೆ ಎತ್ತುತ್ತಿದ್ದ ಒಬ್ಬರು ಓಡಿಬಂದು ಅದರ ಬಾಯಿಂದ ಇಣುಕುತ್ತಿದ್ದ ಪ್ಲಾಸ್ಟಿಕ್ಕಿನ ತುದಿ ಹಿಡಿದು ಎಳೆದರು. ಅರ್ಧ ಬಂತು, ಅರ್ಧ ಒಳಗೆ ಹೋಯಿತು. “ಮೊದ್ಲೆಲ್ಲ ಎಲೆ ಹಾಕಿದ್ರೆ ಪುಣ್ಯ ಅಂತಿದ್ರು ಸಾರ್, ಈಗ ಹಾಕೋಕೇ ಭಯ ಆಯ್ತದೆ” ಎಂದರು.

ಅವರ ಭಯಕ್ಕೆ ಕಾರಣ ಹಸುವಿನ ಹೊಟ್ಟೆಯಲ್ಲೇ ಇದೆ. ಅದು ಮೇದದ್ದೆಲ್ಲ ಮೊದಲು ಹೋಗಿ ಸೇರುವುದು ರುಮೆನ್ ಎಂಬ ದೊಡ್ಡ ಚೀಲಕ್ಕೆ. ಎಲೆ ಅಲ್ಲಿ ನೆನೆದು, ಹುಳಿತು, ಮೆಲುಕಿಗೆ ಬಂದು, ನುಣ್ಣಗಾಗಿ ಮುಂದೆ ಸಾಗುತ್ತದೆ. ಪ್ಲಾಸ್ಟಿಕ್ ಅಲ್ಲೇ ಉಳಿದು, ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತದೆ. ಬೀದಿ ಮೇಯುವ ದನಗಳ ಹೊಟ್ಟೆ ಕೊಯ್ದು ಹತ್ತಾರು ಕೆಜಿ ಪ್ಲಾಸ್ಟಿಕ್ ತೆಗೆಯುವುದು ನಮ್ಮ ಪಶುವೈದ್ಯರಿಗೆ ಈಗ ಹೊಸದೇನಲ್ಲ.

‘ತಿನ್ನಬಹುದಾದ ಪ್ಯಾಕಿಂಗ್’ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಹಿತ್ತಿಲು ನೆನಪಾಗುತ್ತದೆ. ನೀರಿನ ಜೊತೆ ಅದು ತುಂಬಿದ್ದ ಪೊಟ್ಟಣವನ್ನೂ ನುಂಗಬಹುದಂತೆ, ಊಟ ಮುಗಿಸಿ ಚಮಚವನ್ನೂ ಕಡಿದು ತಿನ್ನಬಹುದಂತೆ ಎಂದು ಕೇಳಿ ನಾವು ಬೆರಗಾಗುತ್ತೇವೆ, ಕೆಲವರು ಮುಖ ಸಿಂಡರಿಸುತ್ತಾರೆ. ತಿನ್ನುವವರು ನಾವೇ ಆಗಬೇಕೆಂದು ಯಾರು ಹೇಳಿದರು? ಊಟದ ಎಲೆಯನ್ನು ನಾವು ಎಂದೂ ತಿಂದವರಲ್ಲ. ನಾವು ಎದ್ದ ಮೇಲೆ ಅದಕ್ಕೆ ಇನ್ನೊಂದು ಬಾಯಿ ಇತ್ತು. ಹಸು, ಹಸು ಬಿಟ್ಟದ್ದಕ್ಕೆ ಎರೆಹುಳು, ಅದೂ ಬಿಟ್ಟದ್ದಕ್ಕೆ ತಿಪ್ಪೆಯ ಸೂಕ್ಷ್ಮಜೀವಿ. ಪ್ಲಾಸ್ಟಿಕ್ಕಿಗೆ ಆ ಬಾಯಿ ಇಲ್ಲ. ಹೊಸ ಪ್ಯಾಕಿಂಗ್ ಯಾವುದೇ ಬರಲಿ, ನಾವು ಬಿಸಾಡಿದ ಮೇಲೆ ಅದನ್ನು ಯಾರು ತಿನ್ನುತ್ತಾರೆ ಎಂದು ಮೊದಲು ಕೇಳಬೇಕು.

ಪ್ಲಾಸ್ಟಿಕ್ಕಿಗೆ ಬಾಯಿ ಏಕಿಲ್ಲ? ಪಾಲಿಥೀನ್ ಹುಟ್ಟಿದ್ದು 1933ರ ಮಾರ್ಚಿನಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ. ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಥಿಲೀನ್ ಅನಿಲವನ್ನು ವಿಪರೀತ ಒತ್ತಡಕ್ಕೆ ಒಡ್ಡಿ ಬೇರೇನನ್ನೋ ಮಾಡಲು ಹೊರಟಿದ್ದರು, ಉಪಕರಣದೊಳಗೆ ಮೇಣದಂಥ ಬಿಳಿ ಪದಾರ್ಥ ಕೂತಿತ್ತು. ಇಂಗಾಲದ ಪರಮಾಣುಗಳು ಸಾಲಾಗಿ ಒಂದಕ್ಕೊಂದು ಕೈ ಹಿಡಿದು ನಿಂತ ಉದ್ದನೆಯ ಸರಪಳಿ ಅದು. ಅಕ್ಕಿಯ ಪಿಷ್ಟವೂ ಸರಪಳಿಯೇ, ಬಾಳೆ ಎಲೆಯ ನಾರೂ ಸರಪಳಿಯೇ. ಇವೆರಡರಲ್ಲೂ ಕೊಂಡಿಗಳು ಗ್ಲೂಕೋಸ್ ಸಕ್ಕರೆಯವು. ಕೊಂಡಿಯಿಂದ ಕೊಂಡಿಗೆ ಹಾಕಿದ ಬೆಸುಗೆಯ ಓರೆ ಮಾತ್ರ ಬೇರೆ. ಪಿಷ್ಟದ ಬೆಸುಗೆ ಕತ್ತರಿಸುವ ಕಿಣ್ವ ನಮ್ಮ ಎಂಜಲಿನಲ್ಲೇ ಇದೆ, ಅನ್ನವನ್ನು ಜಗಿಯುತ್ತಾ ಹೋದರೆ ಸಿಹಿಯಾಗುವುದು ಅದರಿಂದ. ನಾರಿನ ಬೆಸುಗೆ ನಮ್ಮ ಕೈಲಾಗದು, ಹಸುವಿನ ರುಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳ ಕೈಲಾಗುತ್ತದೆ. ಇಂಥ ಕತ್ತರಿಗಳು ತಯಾರಾಗಲು ಜೀವಲೋಕಕ್ಕೆ ಕೋಟಿಗಟ್ಟಲೆ ವರ್ಷ ಹಿಡಿಯಿತು. ಪಾಲಿಥೀನಿಗೆ ಇನ್ನೂ ನೂರು ತುಂಬಿಲ್ಲ. ಅದನ್ನು ಸಲೀಸಾಗಿ ಕತ್ತರಿಸುವ ಕಿಣ್ವ ಯಾವ ಹೊಟ್ಟೆಯಲ್ಲೂ, ಯಾವ ಮಣ್ಣಿನಲ್ಲೂ ಇಲ್ಲ.

ಆದ್ದರಿಂದ ಅದು ರಾಶಿ ಬೀಳುತ್ತದೆ. 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್, ಅದರಲ್ಲಿ ಕಸವಾದದ್ದು 630 ಕೋಟಿ ಟನ್, ಆ ಕಸದಲ್ಲಿ ಮರುಬಳಕೆಗೆ ಹೋದದ್ದು ನೂರಕ್ಕೆ 9 ಪಾಲು ಎಂದು ರೋಲಂಡ್ ಗೇಯರ್ ಮತ್ತು ಸಂಗಡಿಗರು 2017ರಲ್ಲಿ ಲೆಕ್ಕ ಕೊಟ್ಟರು.

ತಿನ್ನುವ ಹೊದಿಕೆ ನಮಗೆ ಹೊಸದಲ್ಲ. ಐಸ್‌ಕ್ರೀಂ ಕೋನ್ ತಿಂದವರೆಲ್ಲ ಅದನ್ನು ತಿಂದಿದ್ದಾರೆ. ಕ್ಯಾಪ್ಸೂಲ್ ನುಂಗಿದವರೂ ಅಷ್ಟೇ. ಜೆಲಟಿನ್ ಕ್ಯಾಪ್ಸೂಲಿಗೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದು 1834ರಲ್ಲಿ. ಜಪಾನಿನವರು ಕಹಿ ಪುಡಿಯ ಔಷಧವನ್ನು ‘ಒಬ್ಲಾಟೊ’ ಎಂಬ ಪಿಷ್ಟದ ಹಾಳೆಯಲ್ಲಿ ಸುತ್ತಿ ನುಂಗುತ್ತಾರೆ. ಆ ಹಾಳೆ ಎಷ್ಟು ತೆಳು ಎಂದರೆ ಬಾಯಿಗೆ ಹಾಕುತ್ತಲೇ ಕರಗುತ್ತದೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬುತ್ತಿ ಬಿಚ್ಚಿದಾಗ ನೋಡಿ, ಅಂಗೈ ಮೇಲೆ ಜೋಳದ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ, ಅದರ ಮಗ್ಗುಲಿಗೆ ಶೇಂಗಾ ಚಟ್ನಿ. ತಟ್ಟೆ ತೊಳೆಯುವ ಪ್ರಶ್ನೆಯೇ ಇಲ್ಲ, ತಟ್ಟೆಯೇ ಊಟ. ಅದೇ ಜೋಳವನ್ನು ಹಿಡಿದು ಹೈದರಾಬಾದಿನ ನಾರಾಯಣ ಪೀಸಪಾಟಿ 2010ರಲ್ಲಿ ‘ಬೇಕೀಸ್’ ಎಂಬ ಉದ್ಯಮ ಕಟ್ಟಿ, ಜೋಳ, ಅಕ್ಕಿ, ಗೋಧಿ ಹಿಟ್ಟನ್ನು ಕಲಸಿ ಗಟ್ಟಿಯಾಗಿ ಬೇಯಿಸಿದ ಚಮಚಗಳನ್ನು ಮಾಡಿದರು. ಅವರು ಮೊದಲು ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದವರು. ಭತ್ತ ಅಂತರ್ಜಲವನ್ನು ಬಸಿಯುತ್ತಿದೆ, ಜೋಳಕ್ಕೆ ಮತ್ತೆ ಬೇಡಿಕೆ ಬರಬೇಕು ಎಂಬ ಚಿಂತೆಯಿಂದ ಹೊರಟವರು ಚಮಚಕ್ಕೆ ಬಂದು ಮುಟ್ಟಿದರು. ಪ್ಲಾಸ್ಟಿಕ್ ಕಸಕ್ಕೂ ಒಣಭೂಮಿಯ ರೈತನಿಗೂ ಒಂದೇ ಕೈಯಲ್ಲಿ ಉತ್ತರ ಹುಡುಕಿದ ಆ ಯೋಚನೆ ನನಗೆ ಚಮಚಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಜಗತ್ತಿನ ಕಣ್ಣು ಇತ್ತ ತಿರುಗಿದ್ದು ಮಾತ್ರ ಒಂದು ನೀರಿನ ಗುಳ್ಳೆಯಿಂದ. ಸ್ಪೇನಿನ ರಾಡ್ರಿಗೊ ಗಾರ್ಸಿಯಾ ಗೊನ್ಸಾಲೆಸ್ ಮತ್ತು ಫ್ರಾನ್ಸಿನ ಪಿಯೆರ್ ಪಾಸ್ಲಿಯೆ ಲಂಡನ್ನಿನಲ್ಲಿ ಓದುವಾಗ ಕೈಗೆತ್ತಿಕೊಂಡ ಕೆಲಸ ಅದು. ಹೆಸರು ‘ಊಹೋ’, ಮುಂದೆ ಅವರ ಕಂಪನಿಗೆ ‘ನಾಟ್‌ಪ್ಲಾ’ ಎಂಬ ಹೆಸರು ಬಂತು. ಗುಳ್ಳೆಯ ಗುಟ್ಟು ತಿಳಿಯಲು ಬೂಂದಿ ಕರಿಯುವುದನ್ನು ನೆನೆಸಿಕೊಳ್ಳಿ. ಜಾಲರಿಯಿಂದ ಕಡಲೆಹಿಟ್ಟಿನ ಹನಿ ಕಾದ ಎಣ್ಣೆಗೆ ಬೀಳುತ್ತದೆ, ಬಿದ್ದ ಕ್ಷಣಕ್ಕೆ ಹೊರಮೈ ಗಟ್ಟಿಯಾಗಿ ದುಂಡಗಾಗುತ್ತದೆ. ಇಲ್ಲಿ ಹಿಟ್ಟಿನ ಬದಲು ಆಲ್ಜಿನೇಟ್. ಕಂದು ಬಣ್ಣದ ಕಡಲಪಾಚಿಗಳ ಮೈಯಲ್ಲಿ ಇರುವ ಅಂಟು ಇದು. ಪಾಚಿ ಅಲೆಗೆ ಸಿಕ್ಕು ಬಾಗಿದರೂ ಮುರಿಯದಂತೆ ಕಾಯುವುದು ಇದೇ. ಎಣ್ಣೆಯ ಬದಲು ಕ್ಯಾಲ್ಸಿಯಂ ಲವಣ ಕರಗಿಸಿದ ತಣ್ಣೀರು. ಆಲ್ಜಿನೇಟ್ ದ್ರಾವಣದ ಹನಿ ಅದಕ್ಕೆ ಬಿದ್ದರೆ ಕ್ಯಾಲ್ಸಿಯಂ ಎರಡೆರಡು ಸರಪಳಿಗಳ ನಡುವೆ ಹೊಕ್ಕು ಗುಂಡಿ ಹಾಕಿದಂತೆ ಅವನ್ನು ಸೇರಿಸುತ್ತದೆ. ಹನಿಯ ಸುತ್ತ ಪಾರದರ್ಶಕ ಪೊರೆ, ಒಳಗೆ ದ್ರವ. ಬೆಂಕಿ ಬೇಡ, ಅಚ್ಚು ಬೇಡ. ಸ್ಪೇನಿನ ಬಾಣಸಿಗ ಫೆರಾನ್ ಆದ್ರಿಯಾ ಇದೇ ಉಪಾಯದಿಂದ ಹಣ್ಣಿನ ರಸದ ಮಣಿಗಳನ್ನು ಮಾಡಿ ಬಡಿಸಿದ್ದರು.

2019ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್ ಓಟಗಾರರಿಗೆ 23ನೇ ಮೈಲಿಯಲ್ಲಿ 30,000ಕ್ಕೂ ಹೆಚ್ಚು ಇಂಥ ಗುಳ್ಳೆಗಳನ್ನು ಹಂಚಿದರು, ಒಳಗೆ ಪಾನೀಯ ತುಂಬಿ. ತುದಿ ಕಚ್ಚಬೇಕು, ಹೀರಬೇಕು. ಪೊರೆಯನ್ನು ನುಂಗಿದರೂ ಸರಿ, ಉಗುಳಿದರೂ ಸರಿ. ಪೊರೆ ಮಣ್ಣಿಗೆ ಬಿದ್ದರೆ 4ರಿಂದ 6 ವಾರದಲ್ಲಿ ಕರಗುತ್ತದೆ ಎಂದು ಕಂಪನಿ ಹೇಳುತ್ತದೆ. ಫೋಟೋಗಳಲ್ಲಿ ಕಾಣುವುದು ನುಂಗುವವರ ಮುಖ. ನನಗೆ ಮುಖ್ಯ ಅನಿಸುವುದು ಉಗುಳಿದವರ ಪಾಲು. ಅವರು ರಸ್ತೆಗೆ ಉಗುಳಿದ್ದಕ್ಕೂ ಒಂದು ಬಾಯಿ ಇತ್ತು.

ಅದೇ ಕಂಪನಿ ಮುಂದೆ ಹೆಚ್ಚು ಗಮನ ಕೊಟ್ಟದ್ದು ಪಾರ್ಸೆಲ್ ಡಬ್ಬಿಗಳಿಗೆ. ರಟ್ಟಿನ ಡಬ್ಬಿ, ಕಾಗದದ ಲೋಟ ನೋಡಲು ಕಾಗದ, ಆದರೆ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಲೇಪ ಇರುತ್ತದೆ. ಇಲ್ಲವಾದರೆ ಚಹಾ ಸೋರುತ್ತದೆ, ಪಲ್ಯದ ಎಣ್ಣೆ ಹೊರಬರುತ್ತದೆ. ಆ ಲೇಪದ ಜಾಗಕ್ಕೆ ಕಡಲಪಾಚಿಯ ಲೇಪ ತಂದರು. 2022ರಲ್ಲಿ ಅವರಿಗೆ 10 ಲಕ್ಷ ಪೌಂಡಿನ ಅರ್ತ್‌ಶಾಟ್ ಪರಿಸರ ಬಹುಮಾನವೂ ಬಂತು. ಡಬ್ಬಿಯನ್ನು ಯಾರೂ ತಿನ್ನುವುದಿಲ್ಲ. ಆದರೂ ಗುಳ್ಳೆಗಿಂತ ಡಬ್ಬಿಯೇ ಹೆಚ್ಚು ಉಪಕಾರಿ ಎಂದು ನನ್ನ ಎಣಿಕೆ.

ಈಗ ನಮ್ಮ ತಾರಸಿಗೆ ಬರೋಣ. ಪ್ರಯೋಗಾಲಯದಲ್ಲಿ ಪಿಷ್ಟದ ಹಾಳೆ ಮಾಡುವ ವಿಧಾನ ಓದಿದಾಗ ನನಗೆ ಅಮ್ಮನ ಸಂಡಿಗೆಯ ಪಾಠವನ್ನೇ ಓದಿದಂತಾಯಿತು. ನೆನೆಸಿದ ಅಕ್ಕಿಯನ್ನು ರುಬ್ಬಿ, ಕುದಿವ ನೀರಿಗೆ ಬಿಟ್ಟು ತಿರುವುತ್ತಾ ಇದ್ದರೆ ಒಂದು ಹದದಲ್ಲಿ ಬಿಳಿ ಹೋಗಿ ಗಂಜಿ ಗಾಜಿನಂತೆ ಹೊಳೆಯತೊಡಗುತ್ತದೆ. “ಈಗ ಬೆಂತು” ಎಂದು ಅಮ್ಮ ಸೌಟು ಎತ್ತಿ ತೋರಿಸುತ್ತಿದ್ದಳು. ಆ ಹೊತ್ತಿಗೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು ಒಳಗಿನ ಸರಪಳಿಗಳು ಹೊರಗೆ ಬಂದಿರುತ್ತವೆ. ತೆಳ್ಳಗೆ ಹುಯ್ದು ಬಿಸಿಲಿಗಿಟ್ಟರೆ ನೀರು ಆರುತ್ತಾ ಆರುತ್ತಾ ಸರಪಳಿಗಳು ಒತ್ತೊತ್ತಾಗಿ ಮಲಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಸಂಜೆಗೆ ಅಂಚು ಎದ್ದು ಸುರುಳಿಯಾಗುತ್ತದೆ. ಎಬ್ಬಿಸಿ ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುತ್ತದೆ. ಬಾಗಿಸಿದರೆ ಪಟ್ಟನೆ ಮುರಿಯುತ್ತದೆ.

ಮುರಿಯದಂತೆ ಮಾಡಲು ವಿಜ್ಞಾನಿಗಳು ಗ್ಲಿಸರಿನ್ ಬೆರೆಸುತ್ತಾರೆ. ಹೋಳಿಗೆಯ ಕಣಕಕ್ಕೆ ಎಣ್ಣೆ ಹಾಕಿ ನಾದಿದಂತೆಯೇ ಇದು. ಸರಪಳಿಗಳ ನಡುವೆ ಸೇರಿದ ಗ್ಲಿಸರಿನ್ ಅವು ಒಂದರ ಮೇಲೊಂದು ಜಾರಲು ಜಾಗ ಮಾಡಿಕೊಡುತ್ತದೆ, ಹಾಳೆ ಮಡಿಸಿದರೆ ಮಡಿಯುತ್ತದೆ. ಸಂಡಿಗೆಯ ಪಕ್ಕದಲ್ಲೇ ಇನ್ನೆರಡು ಹಾಳೆಗಳು ನಮ್ಮ ಮನೆಗಳಲ್ಲಿವೆ. ಮಾವಿನ ರಸವನ್ನು ಪದರ ಪದರವಾಗಿ ಒಣಗಿಸಿದ ಮಾಂಬಳ ಹಣ್ಣಿನ ಪೆಕ್ಟಿನ್ ಮತ್ತು ಸಕ್ಕರೆ ಸೇರಿ ಆದ ಹಾಳೆ. ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕದ ಕೃಷಿ ಇಲಾಖೆಯ ತಾರಾ ಮೆಕ್‌ಹ್ಯೂ ಹಣ್ಣು ತರಕಾರಿಗಳ ತಿರುಳಿನಿಂದಲೇ ಸುತ್ತುವ ಹಾಳೆಗಳನ್ನು ಮಾಡಿದ್ದಾರೆ. ಕಾದ ಹಾಲಿನ ಮೇಲೆ ಕಟ್ಟುವ ಕೆನೆ ಇನ್ನೊಂದು. ಕೊಬ್ಬಿನ ಜೊತೆ ಹಾಲಿನ ಪ್ರೋಟೀನೂ ಅಲ್ಲಿ ಪೊರೆಗಟ್ಟಿರುತ್ತದೆ. ಅದೇ ಇಲಾಖೆಯ ಪೆಗ್ಗಿ ತೊಮಾಸುಲಾ ಮತ್ತು ಸಹೋದ್ಯೋಗಿಗಳು ಹಾಲಿನ ಕೇಸಿನ್ ಪ್ರೋಟೀನಿಗೆ ಪೆಕ್ಟಿನ್ ಸೇರಿಸಿ ಮಾಡಿದ ಹಾಳೆಯನ್ನು 2016ರಲ್ಲಿ ತೋರಿಸಿದರು. ಆಮ್ಲಜನಕವನ್ನು ತಡೆಯುವುದರಲ್ಲಿ ಅದು ಸಾಮಾನ್ಯ ಪ್ಲಾಸ್ಟಿಕ್ಕಿಗಿಂತ 500 ಪಟ್ಟಿನವರೆಗೂ ಮೇಲು ಎಂದರು. ಆಹಾರ ಕಮಟಾಗುವುದು ಆಮ್ಲಜನಕದಿಂದ ತಾನೆ? ಹಾಗಾದರೆ ಗೆದ್ದಂತಾಯಿತಲ್ಲ?

ಗೆಲ್ಲಲು ಬಿಡದಿರುವುದು ನೀರು. ಚೈತ್ರದಲ್ಲಿ ಗಲಗಲ ಅನ್ನುತ್ತಿದ್ದ ಸಂಡಿಗೆಯ ಡಬ್ಬಿಯನ್ನು ಆಷಾಢದಲ್ಲಿ ತೆರೆದರೆ ಮೆತ್ತಗಾಗಿರುತ್ತದೆ, ಮತ್ತೆ ಒಂದು ಬಿಸಿಲು ಬೇಕು. ಪಿಷ್ಟ, ಪ್ರೋಟೀನ್, ಆಲ್ಜಿನೇಟ್ ಎಲ್ಲವೂ ಗಾಳಿಯ ತೇವವನ್ನು ಕರೆದು ಒಳಗೆ ಕೂರಿಸಿಕೊಳ್ಳುವ ಪದಾರ್ಥಗಳು. ನೀರು ಒಳಗೆ ಬರುವುದರಿಂದಲೇ ಕಿಣ್ವ ಬಂದು ಅವನ್ನು ಕತ್ತರಿಸಬಲ್ಲದು. ಪಾಲಿಥೀನ್ ನೀರನ್ನು ಹತ್ತಿರ ಸೇರಿಸುವುದಿಲ್ಲ, ಆದ್ದರಿಂದ ಮಳೆಯನ್ನೂ ತಡೆಯುತ್ತದೆ, ನೂರಾರು ವರ್ಷ ಉಳಿಯುತ್ತದೆ. ಯಾವ ಗುಣದಿಂದ ಈ ಹಾಳೆಗಳು ಹಸುವಿಗೆ ಊಟವಾಗುತ್ತವೋ ಅದೇ ಗುಣದಿಂದ ಅಂಗಡಿಯ ಕಪಾಟಿನಲ್ಲಿ ಸೋಲುತ್ತವೆ. ರಾಯಚೂರಿನ ಬಿಸಿಲಲ್ಲಿ ಗರಿಗರಿಯಾಗಿ ನಿಂತ ಪೊಟ್ಟಣ ಆಗುಂಬೆಯ ಮಳೆಗಾಲದಲ್ಲಿ ಅಂಟುಅಂಟಾಗುತ್ತದೆ. ಹಾಲಿನಿಂದಲೇ ಮಾಡಿದ ಹಾಳೆಯಲ್ಲಿ ಹಾಲು ತುಂಬಿ ಮಾರಲಾಗದು.

ನೀರು ತಡೆಯಲು ಮೇಣ ಬೇಕು, ಇಲ್ಲವೇ ಅರಗು. ಅಂಗಡಿಯ ಸೇಬಿನ ಹೊಳಪು ಎಷ್ಟೋ ಸಲ ಇವುಗಳದ್ದೇ. ಅರಗು ನಮಗೆ ಅಪರಿಚಿತವಲ್ಲ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಹಿಡಿದು ನಿಲ್ಲುವುದು ಅರಗಿನಿಂದ. ಇವತ್ತು ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು. ಪಿಷ್ಟದ ಹಾಳೆಯ ಮೇಲೆ ಮೇಣದ ಇಲ್ಲವೇ ಅರಗಿನ ತೆಳು ಪದರ ಎಂಬ ದಾರಿಯಲ್ಲಿ ಸಂಶೋಧನೆ ನಡೆದಿದೆ, ನಡೆಯುತ್ತಲೂ ಇದೆ. ಆದರೆ ಅರಗು ಕೀಟದಿಂದ ಬಂದದ್ದು, ಜೆಲಟಿನ್ ದನ, ಹಂದಿಗಳ ಚರ್ಮ, ಮೂಳೆಗಳಿಂದ ಬರುವುದು. ಹಾಲು, ಗೋಧಿ ಒಗ್ಗದವರೂ ಇದ್ದಾರೆ. ತಿನ್ನುವ ಹೊದಿಕೆ ಎಂದ ಮೇಲೆ ಅದರೊಳಗೆ ಏನೇನಿದೆ ಎಂದು ಆಹಾರದ ಮೇಲೆ ಬರೆದಷ್ಟೇ ಸ್ಪಷ್ಟವಾಗಿ ಬರೆದಿರಬೇಕು.

ಇನ್ನೊಂದು ಸರಳ ತೊಡಕಿದೆ. ಹೊದಿಕೆಯ ಕೆಲಸವೇ ಧೂಳು ಮತ್ತು ಹತ್ತಾರು ಕೈಗಳ ಕೊಳೆಯನ್ನು ತನ್ನ ಮೈಮೇಲೆ ತೆಗೆದುಕೊಳ್ಳುವುದು. ಅದನ್ನೇ ತಿನ್ನಿ ಎಂದರೆ ಅದಕ್ಕೆ ಇನ್ನೊಂದು ಹೊದಿಕೆ ಬೇಕಾಗುತ್ತದೆ. ಆದ್ದರಿಂದ ಇದು ಸಲ್ಲುವ ಜಾಗ ಹೇಗೂ ಒಂದು ಹೊರಕವಚ ಇರುವಲ್ಲಿ, ಒಳಗಿನ ಸಣ್ಣ ಪೊಟ್ಟಣಗಳಿಗೆ. ನೂಡಲ್ಸ್ ಪ್ಯಾಕೆಟ್ಟಿನ ಒಳಗಿರುವ ಮಸಾಲೆ ಪುಡಿಯನ್ನೇ ನೋಡಿ. ಪುಡಿ ಒಣಗಿದ್ದು, ಪೊಟ್ಟಣ ಸಣ್ಣದು, ಕೊನೆಗೆ ಬೀಳುವುದು ಕುದಿವ ನೀರಿಗೆ. ಇಂಡೋನೇಷ್ಯಾದ ‘ಇವೋವೇರ್’ ಎಂಬ ಕಂಪನಿ ಕಡಲಪಾಚಿಯಿಂದ ಇಂಥದೇ ಹಾಳೆ ಮಾಡಿದೆ, ಬಿಸಿನೀರಿಗೆ ಹಾಕಿದರೆ ಕಾಫಿಪುಡಿಯ ಜೊತೆ ಹಾಳೆಯೂ ಕರಗುತ್ತದೆ.

ಈ ಸಣ್ಣ ಪೊಟ್ಟಣಗಳೇ ನಮ್ಮ ದೇಶದ ದೊಡ್ಡ ನೋವು. ಕಿರಾಣಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಶಾಂಪೂ, ಕಾಫಿ, ಸಾಸ್ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್, ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್ ಎಂದು ಪದರಗಳನ್ನು ಒತ್ತಿರುತ್ತಾರೆ. ಬಿಡಿಸಲಾಗದು, ಗುಜರಿಯವರೂ ಮುಟ್ಟುವುದಿಲ್ಲ. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಚಮಚ, ಸ್ಟ್ರಾ, ಸ್ವೀಟ್ ಡಬ್ಬಿಯ ಮೇಲಿನ ಹಾಳೆಗಳ ನಿಷೇಧ ಬಂತು. ಈ ಪೊಟ್ಟಣಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಪ್ಲಾಸ್ಟಿಕ್ ಅಗ್ಗ ಎನ್ನುತ್ತಾರೆ. ಹಸುವಿನ ಹೊಟ್ಟೆ ಕೊಯ್ಯುವ ಖರ್ಚು, ರಾಜಕಾಲುವೆ ಕಟ್ಟಿಕೊಂಡಾಗ ಮನೆಗೆ ನುಗ್ಗುವ ನೀರಿನ ನಷ್ಟ ಪೊಟ್ಟಣದ ಬೆಲೆಗೆ ಸೇರಿಲ್ಲ, ಅದಕ್ಕೇ ಅಗ್ಗ.

ಹಾಗೆಂದು ‘ಸಹಜ’ ಎಂದು ಬರೆದದ್ದನ್ನೆಲ್ಲ ಕಣ್ಣಿಗೊತ್ತಿಕೊಳ್ಳುವಂತೆಯೂ ಇಲ್ಲ. ಮೆಕ್ಕೆಜೋಳದ ಪಿಷ್ಟದಿಂದ ಬಂದದ್ದು ಎಂದು ಹೇಳುವ ಪಿಎಲ್‌ಎ ಪ್ಲಾಸ್ಟಿಕ್ ತಿನ್ನುವಂಥದ್ದಲ್ಲ. ಅದು ಕೊಳೆಯಲು ಕಾರ್ಖಾನೆಯಂಥ ಗೊಬ್ಬರದ ಗುಂಡಿಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರದ ಬಿಸಿ ಬೇಕು, ಚರಂಡಿಗೆ ಬಿದ್ದರೆ ಪ್ಲಾಸ್ಟಿಕ್ಕಿನಂತೆಯೇ ಇರುತ್ತದೆ. ನಮ್ಮ ಹೆಮ್ಮೆಯ ಅಡಿಕೆ ಹಾಳೆಯ ತಟ್ಟೆಯ ವಿಷಯದಲ್ಲೂ ಒಂದು ಪ್ರಶ್ನೆ ಎದ್ದಿದೆ. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು ಎಂದು 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆ ತಟ್ಟೆಗಳ ವಿರುದ್ಧ ಎಚ್ಚರಿಕೆ ಕೊಟ್ಟಿತು. ದಕ್ಷಿಣ ಕನ್ನಡ, ಮಲೆನಾಡಿನ ಎಷ್ಟೋ ಮನೆಗಳು ಹಾಳೆ ಒತ್ತಿ ಬದುಕುತ್ತಿವೆ. ಸಿಟ್ಟಾಗುವ ಬದಲು ಬಿಸಿ ಸಾರು, ಎಣ್ಣೆ, ಹುಳಿ ಹಾಕಿ ನಾವೇ ಅಳೆದು ತೋರಿಸಬೇಕು. 1950ರಿಂದ ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಳೆಯುವ ಕೈ ನಮ್ಮಲ್ಲಿಲ್ಲದಿಲ್ಲ.

ಕಚ್ಚಾಮಾಲಿನ ಮಾತೂ ಇದೆ. ಅಕ್ಕಿ, ಮೆಕ್ಕೆಜೋಳ, ಮರಗೆಣಸು ಯಾವುದನ್ನೇ ಹಿಡಿದರೂ ಹೊಟ್ಟೆಗೆ ಹೋಗುವುದನ್ನು ಹೊದಿಕೆಗೆ ಕೊಟ್ಟಂತೆ. ಕಡಲಪಾಚಿಗೆ ಹೊಲ ಬೇಡ, ಸಿಹಿನೀರು ಬೇಡ, ಗೊಬ್ಬರ ಬೇಡ. ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಹೆಂಗಸರು ಉಸಿರು ಬಿಗಿಹಿಡಿದು ಮುಳುಗಿ ಬಂಡೆಗಳಿಂದ ಪಾಚಿ ಕಿತ್ತು ತರುತ್ತಾರೆ. ಕಪ್ಪಾಫೈಕಸ್ ಎಂಬ ಕೆಂಪುಪಾಚಿಯನ್ನು ಬಿದಿರಿನ ತೆಪ್ಪಗಳಿಗೆ ಕಟ್ಟಿ ಸುಮಾರು 45 ದಿನಕ್ಕೆ ಕೊಯ್ಯುತ್ತಾರೆ. ಹೊರಗಿನಿಂದ ತಂದ ಈ ಪಾಚಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿದ್ದನ್ನು ವಿಜ್ಞಾನಿಗಳು 2008ರಲ್ಲೇ ದಾಖಲಿಸಿದ್ದಾರೆ. ಕೃಷಿ ಹೆಚ್ಚಿಸುವವರು ಆ ಮಾತನ್ನು ಮರೆಯಬಾರದು, ಆ ಮುಳುಗುವ ಹೆಂಗಸರ ಕೂಲಿಯನ್ನೂ ಮರೆಯಬಾರದು. ನಮ್ಮ ದೇಶದ ‘ಜೀರೋಸರ್ಕಲ್’ ಕಂಪನಿ ಕಡಲಪಾಚಿಯ ಹಾಳೆಗಳ ಕೆಲಸಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ಬಹುಮಾನ ಪಡೆಯಿತು. ದಾರಿ ಆಗಲೇ ನಮ್ಮ ಕರಾವಳಿಯ ಕಡೆಗೂ ತೆರೆದಿದೆ, ಆದರೆ ನಮ್ಮ ಪಡುವಣ ಕಡಲು ಮಳೆಗಾಲದಲ್ಲಿ ತೆಪ್ಪ ನಿಲ್ಲಗೊಡುವುದಿಲ್ಲ, ವರ್ಷಪೂರ್ತಿ ಬೆಳೆಯುವ ಲೆಕ್ಕ ಇಲ್ಲಿ ನಡೆಯದು.

ಹೊಸ ಹಾಳೆ ಹುಡುಕುವ ನಾವು ಕೈಲಿದ್ದ ಹಳೆಯ ಬಟ್ಟೆಯನ್ನು ಬಿಟ್ಟದ್ದೂ ಇದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಹೋಟೆಲುಗಳಲ್ಲಿ ಇಡ್ಲಿ ಬೇಯಿಸುವ ತಟ್ಟೆಗೆ ಪ್ಲಾಸ್ಟಿಕ್ ಹಾಸುವುದು ತಪಾಸಣೆಯಲ್ಲಿ ಸಿಕ್ಕಿ, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಲ್ಲಿಸಲು ಹೊರಟಾಗ ಅನೇಕರಿಗೆ ಆಶ್ಚರ್ಯವಾಯಿತು. ಬಟ್ಟೆ ಇದ್ದ ಜಾಗಕ್ಕೆ ಪ್ಲಾಸ್ಟಿಕ್ ಯಾವಾಗ ಬಂತೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಅದಕ್ಕಿಂತ ಹೆಚ್ಚು ಮುಜುಗರವಾದದ್ದು ನಮ್ಮ ತಾರಸಿಯನ್ನು ನೆನೆದು. ಅಮ್ಮನ ಸಂಡಿಗೆ ಒಣಗುತ್ತಿದ್ದದ್ದೂ ಕೆಲವು ವರ್ಷಗಳಿಂದ ಪ್ಲಾಸ್ಟಿಕ್ ಹಾಳೆಯ ಮೇಲೆಯೇ. ಸುಲಭವಾಗಿ ಎದ್ದು ಬರುತ್ತದೆ ಎಂದು ತಂದುಕೊಟ್ಟವನೂ ನಾನೇ.

ಈ ಚೈತ್ರದಲ್ಲಿ ಹಳೆಯ ಪಂಚೆಯೊಂದನ್ನು ಒದ್ದೆ ಮಾಡಿ ಹಾಸಿದೆವು. ಸಂಜೆ ನಾನು ಅಂಚು ಹಿಡಿದು ಎಬ್ಬಿಸಲು ಹೋದರೆ ಸಂಡಿಗೆ ಬಟ್ಟೆಗೆ ಕಚ್ಚಿಕೊಂಡು ಚೂರಾಗುತ್ತಿತ್ತು. “ಹಾಗೆ ಎಳೀಬೇಡ, ತಿರುವಿ ಹಾಕು” ಎಂದಳು ಅಮ್ಮ. ಪಂಚೆಯನ್ನು ಮಗುಚಿ ಹಾಸಿ, ಹಿಂಬದಿಗೆ ಅಂಗೈಯಿಂದ ನೀರು ಚಿಮುಕಿಸಿದಳು. ಬಟ್ಟೆ ನೆನೆದು ಕಪ್ಪಾಗುತ್ತಾ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದಾಗ ಸಂಡಿಗೆಗಳು ಒಂದೊಂದಾಗಿ, ಇಡಿಯಾಗಿ, ಅವಳ ಕೈಗೆ ಬಂದವು. ಮುರಿದ ಚೂರುಗಳನ್ನು ಅಲ್ಲೇ ತಾರಸಿಯ ಮೂಲೆಗೆ ಗುಡಿಸಿಟ್ಟಳು, ಅಳಿಲಿಗೆ.